ಅಮೆರಿಕದ ಪುರುಷರ ಮರಣ ದರದಲ್ಲಿ ಶಿಕ್ಷಣದ ಪಾಲೆಷ್ಟು, ಜನಾಂಗದ ಪಾಲೆಷ್ಟು: ಅಂಕಿಅಂಶ ಓದುವವರಿಗೊಂದು ಕೈಪಿಡಿ

ಅಮೆರಿಕದ ಅಧಿಕೃತ ಆಯುಷ್ಯ ಕೋಷ್ಟಕಗಳ ಪ್ರಕಾರ 2019ರಲ್ಲಿ ಬಿಳಿಯ ಪುರುಷರ ನಿರೀಕ್ಷಿತ ಆಯುಷ್ಯ 76.3 ವರ್ಷವಿತ್ತು, ಕಪ್ಪುವರ್ಣೀಯ ಪುರುಷರದು 71.3 ವರ್ಷವಿತ್ತು. ಕೋವಿಡ್ ಕಾಲಿಟ್ಟ 2020ರಲ್ಲಿ ಎರಡನೆಯ ಸಂಖ್ಯೆ 68ರ ಆಸುಪಾಸಿಗೆ ಕುಸಿಯಿತು. ಈ ಅಂತರದ ಬಗ್ಗೆ ಓದಲು ಕುಳಿತವರಿಗೆ ಎರಡು ಬಗೆಯ ಹೇಳಿಕೆಗಳು ಪದೇ ಪದೇ ಎದುರಾಗುತ್ತವೆ. ಅಂತರವೆಲ್ಲ ಶಿಕ್ಷಣದ್ದೇ, ಓದು ಸಮನಾದರೆ ಆಯುಷ್ಯವೂ ಸಮನಾಗುತ್ತದೆ ಎನ್ನುವುದು ಒಂದು. ಎಷ್ಟು ಓದಿದರೂ ಕಪ್ಪುವರ್ಣೀಯ ಪುರುಷನಿಗೆ ಅದರಿಂದ ಪ್ರಯೋಜನವಿಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪು. ಆದರೆ ಎರಡನ್ನೂ ಒಂದೇ ದತ್ತಾಂಶದಿಂದ ಹೊರಡಿಸಲು ಸಾಧ್ಯ ಎಂಬುದೇ ಇಲ್ಲಿನ ತೊಡಕು. ಸಂಶೋಧನಾ ವರದಿಯೊಂದನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯಾಗಲಿ ಪತ್ರಕರ್ತರಾಗಲಿ ಇಂಥ ಹೇಳಿಕೆಗಳನ್ನು ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ತಾವೇ ಲೆಕ್ಕ ಹಾಕುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

ಶಿಕ್ಷಣಕ್ಕೂ ಜನಾಂಗಕ್ಕೂ ಮರಣಕ್ಕೂ ಇರುವ ಸಂಬಂಧ ಎಂಬ ಮಾತಿನೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಎರಡು ಜನಾಂಗಗಳ ಪುರುಷರಲ್ಲಿ ಶಿಕ್ಷಣದ ಹಂಚಿಕೆ ಎಷ್ಟು ಭಿನ್ನವಾಗಿದೆ ಎಂಬುದು ಮೊದಲನೆಯದು. ಒಂದೇ ಮಟ್ಟದವರೆಗೆ ಓದಿದ ಬಿಳಿಯ ಮತ್ತು ಕಪ್ಪುವರ್ಣೀಯ ಪುರುಷರ ಮರಣ ದರಗಳ ನಡುವೆ ಎಷ್ಟು ವ್ಯತ್ಯಾಸ ಉಳಿಯುತ್ತದೆ ಎಂಬುದು ಎರಡನೆಯದು. ಒಂದು ಮಟ್ಟದಿಂದ ಮುಂದಿನ ಮಟ್ಟಕ್ಕೆ ಏರಿದಾಗ ಪ್ರತಿ ಜನಾಂಗದ ಒಳಗೂ ಮರಣ ದರ ಎಷ್ಟು ಇಳಿಯುತ್ತದೆ ಎಂಬುದು ಮೂರನೆಯದು. ಕೈಯಲ್ಲಿರುವ ವರದಿ ಇವುಗಳಲ್ಲಿ ಯಾವುದಕ್ಕೆ ಉತ್ತರ ಹೇಳುತ್ತಿದೆ ಎಂದು ಗುರುತಿಸದೆ ಅದರ ತೀರ್ಮಾನವನ್ನು ಒಪ್ಪುವುದಾಗಲಿ ತಳ್ಳುವುದಾಗಲಿ ಆತುರದ ಕೆಲಸವಾಗುತ್ತದೆ.

ಉದಾಹರಣೆಗೆ, 2012ರಲ್ಲಿ ಪ್ರಕಟವಾಗಿ ಬಹಳ ಪ್ರಚಾರ ಪಡೆದ ಅಧ್ಯಯನವೊಂದು 2008ರ ಅಂಕಿಗಳನ್ನು ಆಧರಿಸಿ, 16 ಅಥವಾ ಅದಕ್ಕಿಂತ ಹೆಚ್ಚು ವರ್ಷ ಓದಿದ ಬಿಳಿಯ ಪುರುಷರು 12 ವರ್ಷಕ್ಕಿಂತ ಕಡಿಮೆ ಓದಿದ ಕಪ್ಪುವರ್ಣೀಯ ಪುರುಷರಿಗಿಂತ 14.2 ವರ್ಷ ಹೆಚ್ಚು ಬದುಕುವ ನಿರೀಕ್ಷೆಯಿದೆ ಎಂದು ಹೇಳಿತು. ಮಹಿಳೆಯರಲ್ಲಿ ಇದೇ ಅಂತರ 10.3 ವರ್ಷ. ವಿಷಮತೆ ಎಷ್ಟು ಆಳವಾಗಿದೆ ಎಂದು ತೋರಿಸಲು ಈ ಸಂಖ್ಯೆ ಸಮರ್ಥವಾಗಿದೆ. ಆದರೆ ಒಂದು ಜನಾಂಗದ ಅತಿ ಹೆಚ್ಚು ಓದಿದವರನ್ನು ಇನ್ನೊಂದು ಜನಾಂಗದ ಅತಿ ಕಡಿಮೆ ಓದಿದವರೊಡನೆ ಹೋಲಿಸಿದ್ದರಿಂದ 14.2ರಲ್ಲಿ ಶಿಕ್ಷಣದ ಪಾಲೆಷ್ಟು, ಜನಾಂಗದ ಪಾಲೆಷ್ಟು ಎಂಬುದು ಆ ಒಂದು ಸಂಖ್ಯೆಯಿಂದ ತಿಳಿಯುವಂತಿಲ್ಲ. ಅದಕ್ಕೆ ನಡುವಿನ ಗುಂಪುಗಳ ಅಂಕಿಗಳೂ ಬೇಕು. ಇಂಥ ಸಂಖ್ಯೆ ಕಂಡಾಗ, ಕಾಗದದ ಮೇಲೆ ಜನಾಂಗಗಳನ್ನು ಅಡ್ಡಕ್ಕೂ ಶಿಕ್ಷಣದ ಮಟ್ಟಗಳನ್ನು ಉದ್ದಕ್ಕೂ ಬರೆದು ಒಂದು ಚೌಕಟ್ಟು ಹಾಕಿಕೊಳ್ಳಿ, ಮತ್ತು ವರದಿ ಹೋಲಿಸುತ್ತಿರುವ ಎರಡು ಮನೆಗಳು ಯಾವುವು ಎಂದು ಗುರುತು ಮಾಡಿ. ಒಂದೇ ಅಡ್ಡಸಾಲಿನಲ್ಲಿರುವ ಮನೆಗಳ ಹೋಲಿಕೆ ಜನಾಂಗದ ಅಂತರವನ್ನು ತೋರಿಸುತ್ತದೆ, ಒಂದೇ ಉದ್ದಸಾಲಿನವು ಶಿಕ್ಷಣದ ಅಂತರವನ್ನು ತೋರಿಸುತ್ತವೆ, ಓರೆಯಾಗಿರುವವು ಎರಡನ್ನೂ ಬೆರೆಸುತ್ತವೆ.

ಯಾರನ್ನು ಎಣಿಸಲಾಗಿದೆ

ಈ ಕ್ಷೇತ್ರದ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಕ್ಲಿಷ್ಟ ಗಣಿತದಲ್ಲಿ ಹುಟ್ಟುವುದಿಲ್ಲ, ಎಣಿಕೆಯಲ್ಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು.

ಮರಣ ದರ ಎಂದರೆ ಸತ್ತವರ ಸಂಖ್ಯೆಯನ್ನು ಬದುಕಿದ್ದವರ ಸಂಖ್ಯೆಯಿಂದ ಭಾಗಿಸಿದ್ದು. ಅಮೆರಿಕದಲ್ಲಿ ಅಂಶಕ್ಕೆ ಬೇಕಾದ ಸಂಖ್ಯೆ ಮರಣ ಪ್ರಮಾಣಪತ್ರಗಳಿಂದ ಬರುತ್ತದೆ, ಛೇದಕ್ಕೆ ಬೇಕಾದ ಸಂಖ್ಯೆ ಜನಗಣತಿಯಿಂದಲೋ ಅಮೆರಿಕನ್ ಕಮ್ಯುನಿಟಿ ಸರ್ವೆಯಂಥ ಸಮೀಕ್ಷೆಯಿಂದಲೋ ಬರುತ್ತದೆ. ಎರಡು ಕಡೆಗಳಲ್ಲೂ ಶಿಕ್ಷಣವನ್ನು ಒಬ್ಬನೇ ವ್ಯಕ್ತಿ ಹೇಳಿರುವುದಿಲ್ಲ. ಬದುಕಿದ್ದಾಗ ಸಮೀಕ್ಷೆಗೆ ಉತ್ತರಿಸಿದವನು ಸ್ವತಃ ಆ ಮನುಷ್ಯ ಅಥವಾ ಅವನ ಮನೆಯವರು. ಸತ್ತ ಮೇಲೆ ಪ್ರಮಾಣಪತ್ರದ ಶಿಕ್ಷಣ ಮತ್ತು ಜನಾಂಗದ ಅಂಕಣಗಳನ್ನು ತುಂಬುವವರು ಕುಟುಂಬದವರನ್ನು ಕೇಳಿ ಬರೆದುಕೊಳ್ಳುವ ಫ್ಯೂನರಲ್ ಡೈರೆಕ್ಟರ್, ಅಂದರೆ ಅಂತ್ಯಕ್ರಿಯೆಯ ವ್ಯವಸ್ಥಾಪಕ. ದುಃಖದಲ್ಲಿರುವ ಹೆಂಡತಿಯೋ ಮಗನೋ ತಮ್ಮನೋ ಸತ್ತವನ ಓದನ್ನು ಕೊಂಚ ಏರಿಸಿ ಹೇಳುವುದು, ಅಂದರೆ ಹೈಸ್ಕೂಲು ಪೂರ್ತಿ ಮಾಡದವನನ್ನು ಪೂರ್ತಿ ಮಾಡಿದವನೆಂದು ಹೇಳುವುದು, ಸಾಮಾನ್ಯವೆಂದು ಎರಡೂ ದಾಖಲೆಗಳನ್ನು ಜೋಡಿಸಿ ನೋಡಿದ ಅಧ್ಯಯನಗಳು ತೋರಿಸಿವೆ. ಪರಿಣಾಮವಾಗಿ ಅತಿ ಕಡಿಮೆ ಓದಿದವರ ಮರಣ ದರ ಇದ್ದದ್ದಕ್ಕಿಂತ ಕಡಿಮೆಯಾಗಿಯೂ, ಹೈಸ್ಕೂಲು ಮುಗಿಸಿದವರದು ಇದ್ದದ್ದಕ್ಕಿಂತ ಹೆಚ್ಚಾಗಿಯೂ ಕಾಣುತ್ತದೆ.

ಪ್ರಮಾಣಪತ್ರದ ನಮೂನೆಯೂ ಬದಲಾಗಿದೆ. ಶಿಕ್ಷಣದ ಅಂಕಣ ರಾಷ್ಟ್ರೀಯ ಮಾದರಿ ನಮೂನೆಗೆ ಸೇರಿದ್ದು 1989ರ ಪರಿಷ್ಕರಣೆಯಲ್ಲಿ. ಆಗ ಕೇಳುತ್ತಿದ್ದುದು ಎಷ್ಟು ವರ್ಷ ಓದಿದ್ದರು ಎಂದು. 2003ರ ಪರಿಷ್ಕರಣೆ ಅದನ್ನು ಪಡೆದ ಅತ್ಯುನ್ನತ ಅರ್ಹತೆ ಯಾವುದು ಎಂದು ಬದಲಿಸಿತು, ಮತ್ತು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ನಮೂದಿಸಲು ಅವಕಾಶ ಕೊಟ್ಟಿತು. ರಾಜ್ಯಗಳು ಹೊಸ ನಮೂನೆಯನ್ನು ಒಂದೇ ದಿನ ಒಪ್ಪಿಕೊಳ್ಳಲಿಲ್ಲ, ಒಂದೊಂದಾಗಿ ಹಲವು ವರ್ಷಗಳಲ್ಲಿ ಅಳವಡಿಸಿಕೊಂಡವು. ಹಾಗಾಗಿ 1990ರ ದಶಕದಿಂದ 2010ರ ದಶಕದವರೆಗೆ ಎಳೆದ ಯಾವುದೇ ಗೆರೆಯನ್ನು ನೋಡಿದಾಗ, ಅಳತೆ ಬದಲಾದ ವರ್ಷಗಳನ್ನು ಲೇಖಕರು ಹೇಗೆ ನಿಭಾಯಿಸಿದ್ದಾರೆ ಎಂದು ಹುಡುಕಿ ಓದಿ. ಆ ಬಗ್ಗೆ ಒಂದು ವಾಕ್ಯವೂ ಇಲ್ಲದಿದ್ದರೆ ಆ ಗೆರೆಯ ಏರಿಳಿತವನ್ನು ನೆಚ್ಚಬೇಡಿ.

ಈ ತೊಂದರೆಯಿಂದ ಪಾರಾಗುವ ದಾರಿ ಜೋಡಿಸಿದ ದತ್ತಾಂಶ. ಬದುಕಿದ್ದಾಗ ಸಮೀಕ್ಷೆಗೆ ಉತ್ತರಿಸಿದ ವ್ಯಕ್ತಿಯನ್ನೇ ಮುಂದೆ ಮರಣ ದಾಖಲೆಗಳಲ್ಲಿ ಹುಡುಕಿದರೆ ಅಂಶಕ್ಕೂ ಛೇದಕ್ಕೂ ಒಂದೇ ಉತ್ತರ ಬಳಕೆಯಾಗುತ್ತದೆ. ಜನಸಂಖ್ಯಾ ತಜ್ಞರಾದ ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್ 1960ರ ಮೇ ತಿಂಗಳಿಂದ ಆಗಸ್ಟ್‌ವರೆಗಿನ ಮರಣ ಪ್ರಮಾಣಪತ್ರಗಳನ್ನು ಆ ವರ್ಷದ ಜನಗಣತಿಯ ನಮೂನೆಗಳೊಡನೆ ಹೊಂದಿಸಿ, ಶಿಕ್ಷಣಕ್ಕೂ ಮರಣಕ್ಕೂ ಇರುವ ಸಂಬಂಧವನ್ನು ರಾಷ್ಟ್ರಮಟ್ಟದಲ್ಲಿ 1973ರಲ್ಲಿ ಸ್ಥಾಪಿಸಿದ್ದು ಹೀಗೆಯೇ. ಇಂದು ನ್ಯಾಷನಲ್ ಹೆಲ್ತ್ ಇಂಟರ್‌ವ್ಯೂ ಸರ್ವೆ ಎಂಬ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಉತ್ತರದಾತರನ್ನು 1979ರಿಂದಿನ ಸಾವುಗಳನ್ನು ಒಳಗೊಂಡ ನ್ಯಾಷನಲ್ ಡೆತ್ ಇಂಡೆಕ್ಸ್‌ಗೆ ಜೋಡಿಸಿದ ಕಡತಗಳಿವೆ. ನ್ಯಾಷನಲ್ ಲಾಂಗಿಟ್ಯೂಡಿನಲ್ ಮಾರ್ಟಾಲಿಟಿ ಸ್ಟಡಿ ಎಂಬುದೂ ಇದೇ ಜಾತಿಯದು. ಆರಂಭಿಸುವವರಿಗೆ ಮೊದಲನೆಯದೇ ಅನುಕೂಲ, ಏಕೆಂದರೆ ಅದರ ಸಾರ್ವಜನಿಕ ಆವೃತ್ತಿ ಸುಲಭವಾಗಿ ದೊರೆಯುತ್ತದೆ.

ಆದರೆ ಜೋಡಿಸಿದ ದತ್ತಾಂಶಕ್ಕೂ ಒಂದು ದೊಡ್ಡ ಕುರುಡು ಮೂಲೆಯಿದೆ, ಮತ್ತು ಪುರುಷರ ವಿಷಯದಲ್ಲಿ ಅದು ನಿರ್ಣಾಯಕ. ಮನೆಮನೆ ಸಮೀಕ್ಷೆ ಮನೆಯಲ್ಲಿ ಇರುವವರನ್ನು ಮಾತ್ರ ಎಣಿಸುತ್ತದೆ. ಸೆರೆಮನೆಯಲ್ಲಿರುವವರು ಅದರ ಲೆಕ್ಕಕ್ಕೆ ಬರುವುದಿಲ್ಲ. 1965ರಿಂದ 1969ರೊಳಗೆ ಹುಟ್ಟಿದ ಕಪ್ಪುವರ್ಣೀಯ ಪುರುಷರಲ್ಲಿ ಸುಮಾರು ಐವರಲ್ಲೊಬ್ಬರು ಮೂವತ್ತರ ಆರಂಭದ ವಯಸ್ಸಿಗೆ ಬರುವಷ್ಟರಲ್ಲಿ ಸೆರೆವಾಸ ಅನುಭವಿಸಿದ್ದರು, ಹೈಸ್ಕೂಲು ಮುಗಿಸದವರಲ್ಲಿ ಈ ಪಾಲು ನೂರಕ್ಕೆ 60ರ ಹತ್ತಿರವಿತ್ತು ಎಂದು ಬೆಕಿ ಪೆಟಿಟ್ ಮತ್ತು ಬ್ರೂಸ್ ವೆಸ್ಟರ್ನ್ 2004ರಲ್ಲಿ ಅಂದಾಜಿಸಿದರು. ಅದೇ ವಯೋಮಾನದ ಬಿಳಿಯ ಪುರುಷರಲ್ಲಿ ಒಟ್ಟಾರೆ ಪಾಲು ನೂರಕ್ಕೆ ಸುಮಾರು 3, ಹೈಸ್ಕೂಲು ಮುಗಿಸದವರಲ್ಲಿ ಸುಮಾರು 11. ಅಂದರೆ ಕಡಿಮೆ ಓದಿದ ಕಪ್ಪುವರ್ಣೀಯ ಪುರುಷರು ಎಂಬ ಗುಂಪಿನಲ್ಲಿ ಸಮೀಕ್ಷೆಗೆ ಸಿಕ್ಕವರು ಆ ಗುಂಪಿನ ಎಲ್ಲರ ಪ್ರತಿನಿಧಿಗಳಲ್ಲ. ಬಿಡುಗಡೆಯ ನಂತರದ ದಿನಗಳ ಅಪಾಯವೂ ಸಮೀಕ್ಷೆಯ ಕಣ್ಣಿಗೆ ಬೀಳುವುದು ಅಪರೂಪ: ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಹೊರಬಂದವರನ್ನು ಅನುಸರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರಗಳ ಮರಣದ ಅಪಾಯ ರಾಜ್ಯದ ಉಳಿದ ನಿವಾಸಿಗಳದಕ್ಕಿಂತ 12.7 ಪಟ್ಟು ಇತ್ತು. ಇನ್ನೊಂದು ಸಂಗತಿ ಇದಕ್ಕಿಂತ ಕಸಿವಿಸಿ ಉಂಟುಮಾಡುವಂಥದ್ದು. ಸೆರೆಮನೆಯ ಒಳಗಿರುವ ಕಪ್ಪುವರ್ಣೀಯರ ಮರಣ ದರ ಹೊರಗಿರುವ ಅದೇ ವಯಸ್ಸಿನ ಕಪ್ಪುವರ್ಣೀಯರದಕ್ಕಿಂತ ಕಡಿಮೆ ಎಂದು ಅಮೆರಿಕದ ನ್ಯಾಯ ಇಲಾಖೆಯ ಅಂಕಿಗಳೇ ತೋರಿಸಿವೆ. ಇದು ಸೆರೆಮನೆಯನ್ನು ಹೊಗಳುವ ಸಂಖ್ಯೆಯಲ್ಲ, ಹೊರಗಿನ ಬದುಕಿನ ಬಗ್ಗೆ ಹೇಳುವ ಸಂಖ್ಯೆ.

ವಯಸ್ಸನ್ನು ಸರಿಪಡಿಸುವುದು

ಅಮೆರಿಕದಲ್ಲಿ ಹಿರಿಯ ತಲೆಮಾರಿನವರು ಕಡಿಮೆ ಓದಿದ್ದಾರೆ, ಕಿರಿಯರು ಹೆಚ್ಚು ಓದಿದ್ದಾರೆ. ಹಾಗಾಗಿ ವಯಸ್ಸನ್ನು ಲೆಕ್ಕಕ್ಕೆ ತಾರದೆ ಶಿಕ್ಷಣದ ಮಟ್ಟಗಳನ್ನು ಹೋಲಿಸಿದರೆ ಅದು ಮುದುಕರನ್ನೂ ತರುಣರನ್ನೂ ಹೋಲಿಸಿದಂತಾಗುತ್ತದೆ. ಲೆಕ್ಕವನ್ನು 25ನೇ ವಯಸ್ಸಿನಿಂದ ಆರಂಭಿಸಿ, ಏಕೆಂದರೆ ಆ ಹೊತ್ತಿಗೆ ಬಹುತೇಕರ ಔಪಚಾರಿಕ ಓದು ಮುಗಿದಿರುತ್ತದೆ. ನಂತರ ಪ್ರತಿ ವಯೋಗುಂಪಿನ ದರವನ್ನು ಬೇರೆ ಬೇರೆ ಕಂಡುಹಿಡಿದು, ಒಂದೇ ಪ್ರಮಾಣಿತ ಜನಸಂಖ್ಯೆಯ ತೂಕಗಳನ್ನು ಎಲ್ಲ ಗುಂಪುಗಳಿಗೂ ಕೊಟ್ಟು ಸರಾಸರಿ ತೆಗೆಯಿರಿ. ಅಮೆರಿಕದ ಸರ್ಕಾರಿ ಪ್ರಕಟಣೆಗಳು ಇದಕ್ಕೆ 2000ನೇ ಇಸವಿಯ ಪ್ರಮಾಣಿತ ಜನಸಂಖ್ಯೆಯನ್ನು ಬಳಸುತ್ತವೆ; ಅದಕ್ಕೂ ಹಿಂದೆ 1940ರದು ಬಳಕೆಯಲ್ಲಿತ್ತು. ಬೇರೆ ಬೇರೆ ಪ್ರಮಾಣಿತ ಜನಸಂಖ್ಯೆ ಬಳಸಿದ ಎರಡು ವರದಿಗಳ ದರಗಳನ್ನು ಅಕ್ಕಪಕ್ಕ ಇಡುವಂತಿಲ್ಲ.

ವಯೋಗುಂಪು ಎಷ್ಟು ಅಗಲವಿರಬೇಕು ಎಂಬುದೂ ಸಣ್ಣ ವಿಷಯವಲ್ಲ. ಅರ್ಥಶಾಸ್ತ್ರಜ್ಞರಾದ ಆನ್ ಕೇಸ್ ಮತ್ತು ಆಂಗಸ್ ಡೀಟನ್ 2015ರಲ್ಲಿ, 45ರಿಂದ 54 ವರ್ಷದ ಬಿಳಿಯರ ಮರಣ ದರ 1999ರಿಂದ 2013ರ ನಡುವೆ ಏರಿತೆಂದೂ, ಹೈಸ್ಕೂಲು ಅಥವಾ ಅದಕ್ಕಿಂತ ಕಡಿಮೆ ಓದಿದವರಲ್ಲಿ ಆ ಏರಿಕೆ ಲಕ್ಷಕ್ಕೆ 134ರಷ್ಟಿತ್ತೆಂದೂ ತೋರಿಸಿದಾಗ, ಆಂಡ್ರೂ ಗೆಲ್ಮನ್ ಮುಂತಾದ ಸಂಖ್ಯಾಶಾಸ್ತ್ರಜ್ಞರು ಒಂದು ಆಕ್ಷೇಪ ಎತ್ತಿದರು. ಆ ಹದಿನಾಲ್ಕು ವರ್ಷಗಳಲ್ಲಿ ಈ ಹತ್ತು ವರ್ಷದ ಗುಂಪಿನೊಳಗಿನ ಸರಾಸರಿ ವಯಸ್ಸೇ ಮೇಲೇರಿತ್ತು, ಆದ್ದರಿಂದ ಏರಿಕೆಯ ಒಂದು ಭಾಗ ಕೇವಲ ವಯಸ್ಸಿನದು ಎಂಬುದು ಆ ಆಕ್ಷೇಪ. ವಯಸ್ಸನ್ನು ಸರಿಪಡಿಸಿದ ಮೇಲೂ, ಇತರ ಶ್ರೀಮಂತ ದೇಶಗಳಲ್ಲಿ ಇದೇ ದರ ಇಳಿಯುತ್ತಿದ್ದಾಗ ಇಲ್ಲಿ ಇಳಿಯಲಿಲ್ಲ ಎಂಬ ಮೂಲ ಅಂಶ ಉಳಿಯಿತು. ಆದರೂ ಪಾಠ ಸ್ಪಷ್ಟ: ಸಾಧ್ಯವಿದ್ದಲ್ಲೆಲ್ಲ ಐದು ವರ್ಷದ ಗುಂಪುಗಳನ್ನು ಬಳಸಿ, ಇಲ್ಲವೇ ಗುಂಪಿನೊಳಗೂ ಒಂದೊಂದು ವಯಸ್ಸಿಗೆ ತೂಕ ಕೊಡಿ.

ತೀರಾ ಮೇಲಿನ ವಯಸ್ಸಿನಲ್ಲಿ, ಸುಮಾರು 85ರ ನಂತರ, ಕಪ್ಪುವರ್ಣೀಯರ ಮರಣ ದರ ಬಿಳಿಯರದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದರಲ್ಲಿ ವಯಸ್ಸಿನ ತಪ್ಪು ದಾಖಲಾತಿಯ ಪಾಲೂ ಇದೆ, ಗಟ್ಟಿಗರು ಮಾತ್ರ ಅಲ್ಲಿಯವರೆಗೆ ಉಳಿದಿರುವುದರ ಪಾಲೂ ಇದೆ. ಶಿಕ್ಷಣದ ಪ್ರಶ್ನೆಗೆ ಉತ್ತರ ಹುಡುಕುವವರು 25ರಿಂದ 74 ಅಥವಾ 84ಕ್ಕೆ ಲೆಕ್ಕ ನಿಲ್ಲಿಸುವುದು ಒಳ್ಳೆಯದು.

ಓದನ್ನು ಅಳೆಯುವುದು

ಶಿಕ್ಷಣವನ್ನು ವರ್ಷಗಳಲ್ಲಿ ಅಳೆಯಬಹುದು, ಅರ್ಹತೆಯಲ್ಲಿ ಅಳೆಯಬಹುದು. ಅಮೆರಿಕದ ವಯಸ್ಕರಲ್ಲಿ ಮರಣ ದರ ಹೈಸ್ಕೂಲಿನವರೆಗೆ ನಿಧಾನವಾಗಿ ಇಳಿದು, ಹೈಸ್ಕೂಲು ಪ್ರಮಾಣಪತ್ರ ಪಡೆದ ಹಂತದಲ್ಲಿ ಒಮ್ಮೆಲೇ ಒಂದು ಮೆಟ್ಟಿಲು ಕೆಳಗಿಳಿದು, ಅಲ್ಲಿಂದ ಮುಂದೆ ಇನ್ನಷ್ಟು ವೇಗವಾಗಿ ಇಳಿಯುತ್ತದೆ ಎಂದು ಕಂಡುಬಂದಿದೆ. ಹಾಗಾಗಿ ಪ್ರತಿ ಒಂದು ವರ್ಷದ ಓದಿಗೂ ಒಂದೇ ಪ್ರಮಾಣದ ಲಾಭ ಎಂದು ನೇರ ಗೆರೆ ಎಳೆಯುವ ವಿಶ್ಲೇಷಣೆಗಿಂತ ಮೂರು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದು ವಾಸ್ತವಕ್ಕೆ ಹತ್ತಿರ.

ಮಟ್ಟಗಳನ್ನು ಹೆಸರಿಸಿದ ಮಾತ್ರಕ್ಕೆ ಅವು ಎಲ್ಲ ಕಾಲಕ್ಕೂ ಒಂದೇ ಆಗುವುದಿಲ್ಲ. 1940ರಲ್ಲಿ 25 ದಾಟಿದ ಅಮೆರಿಕನ್ನರಲ್ಲಿ ಹೈಸ್ಕೂಲು ಮುಗಿಸಿದವರು ನಾಲ್ವರಲ್ಲೊಬ್ಬರಿಗಿಂತಲೂ ಕಡಿಮೆ, ಕಪ್ಪುವರ್ಣೀಯರಲ್ಲಿ ನೂರಕ್ಕೆ ಎಂಟಕ್ಕಿಂತಲೂ ಕಡಿಮೆ. 2019ರ ಹೊತ್ತಿಗೆ ಒಟ್ಟಾರೆ ಪಾಲು ನೂರಕ್ಕೆ ಸುಮಾರು 90. ಹೈಸ್ಕೂಲು ಮುಗಿಸದಿರುವುದು ಒಂದು ಕಾಲದಲ್ಲಿ ಬಹುಸಂಖ್ಯಾತರ ಸ್ಥಿತಿಯಾಗಿತ್ತು, ಈಗ ಅದು ಬಾಲ್ಯದ ಬಡತನ, ಅನಾರೋಗ್ಯ, ಜೈಲು ಇತ್ಯಾದಿಗಳ ಹೊರೆ ಹೊತ್ತ ಸಣ್ಣ ಗುಂಪಿನ ಸ್ಥಿತಿ. ಆ ಗುಂಪಿನ ಮರಣ ದರ ಏರಿದ್ದರೆ ಅದು ಓದಿನ ಪರಿಣಾಮ ಬದಲಾದದ್ದರಿಂದಲೋ, ಗುಂಪಿನಲ್ಲಿ ಉಳಿದವರೇ ಬದಲಾದದ್ದರಿಂದಲೋ ಎಂದು ಕೇಳಲೇಬೇಕು. ಇದಕ್ಕೆ ಒಂದು ಉಪಾಯವೆಂದರೆ ಮಟ್ಟಗಳ ಬದಲು ಶ್ರೇಣಿಯನ್ನು ಬಳಸುವುದು: ಪ್ರತಿ ವರ್ಷವೂ ಓದಿನಲ್ಲಿ ಅತಿ ಕೆಳಗಿರುವ ಕಾಲುಭಾಗದವರನ್ನು ಅತಿ ಮೇಲಿರುವ ಕಾಲುಭಾಗದವರೊಡನೆ ಹೋಲಿಸುವುದು.

ಜನಾಂಗಗಳ ನಡುವೆಯೂ ಒಂದೇ ಹೆಸರಿನ ಮಟ್ಟ ಒಂದೇ ವಸ್ತುವಲ್ಲ. ಜನಾಂಗವಾರು ಪ್ರತ್ಯೇಕ ಶಾಲೆಗಳನ್ನು ಅಸಂವಿಧಾನಿಕವೆಂದ 1954ರ ಬ್ರೌನ್ ತೀರ್ಪಿಗೆ ಮೊದಲು ದಕ್ಷಿಣದ ರಾಜ್ಯಗಳ ಕಪ್ಪುವರ್ಣೀಯರ ಶಾಲೆಗಳಿಗೆ ಹಣವೂ ಕಡಿಮೆ, ಶಾಲಾ ವರ್ಷವೂ ಬಹುಕಾಲ ಗಿಡ್ಡ, ಪ್ರತಿ ಶಿಕ್ಷಕರಿಗೆ ಮಕ್ಕಳೂ ಹೆಚ್ಚು. ಈ ಕೊರತೆಯನ್ನು ತುಂಬಲು ಬೂಕರ್ ಟಿ. ವಾಷಿಂಗ್ಟನ್ ಮತ್ತು ಉದ್ಯಮಿ ಜೂಲಿಯಸ್ ರೋಸನ್‌ವಾಲ್ಡ್ ಆರಂಭಿಸಿದ ಯೋಜನೆಯಡಿ 1932ರವರೆಗೆ ಸುಮಾರು 5,000 ಶಾಲೆಗಳು ಎದ್ದವು. ಆ ತಲೆಮಾರಿನ ಇಬ್ಬರು ಪುರುಷರು ದಾಖಲೆಯಲ್ಲಿ ತಲಾ ಎಂಟು ವರ್ಷ ಓದಿದ್ದರೂ ಅವರು ತರಗತಿಯಲ್ಲಿ ಕುಳಿತ ದಿನಗಳ ಸಂಖ್ಯೆ ಒಂದೇ ಆಗಿರಲಿಲ್ಲ. 20ನೇ ಶತಮಾನದ ಮೊದಲಾರ್ಧದಲ್ಲಿ ಹುಟ್ಟಿದವರ ಅಂಕಿಗಳನ್ನು ಓದುವಾಗ, ಒಂದೇ ಮಟ್ಟದಲ್ಲಿ ಉಳಿದ ಅಂತರದ ಒಂದು ಭಾಗ ಶಾಲೆಯದೇ ಆಗಿರಬಹುದು ಎಂಬುದನ್ನು ಮರೆಯಬಾರದು.

ಅಂತರವನ್ನು ಒಡೆಯುವ ಲೆಕ್ಕ

ಒಟ್ಟು ಅಂತರವನ್ನು ಶಿಕ್ಷಣದ ಹಂಚಿಕೆಯಿಂದ ಬಂದ ಭಾಗ ಮತ್ತು ಒಂದೇ ಮಟ್ಟದೊಳಗಿನ ದರಗಳಿಂದ ಬಂದ ಭಾಗ ಎಂದು ಒಡೆಯುವ ಸರಳ ವಿಧಾನವನ್ನು ಮೇಲೆ ಹೇಳಿದ ಕಿಟಗಾವಾ ಅವರೇ 1955ರಲ್ಲಿ ರೂಪಿಸಿದರು. ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದವರಿಗೆ ಮುಂದಿನ ಎಷ್ಟೋ ವರದಿಗಳು ತಾವಾಗಿಯೇ ಅರ್ಥವಾಗುತ್ತವೆ. ಈ ಕೆಳಗಿನ ಸಂಖ್ಯೆಗಳು ಲೆಕ್ಕದ ಕ್ರಮ ತೋರಿಸಲು ಕಲ್ಪಿಸಿಕೊಂಡವು, ಯಾವ ನಿಜ ಗುಂಪಿನವೂ ಅಲ್ಲ.

ಮೊದಲ ಗುಂಪಿನ ಪುರುಷರಲ್ಲಿ ನೂರಕ್ಕೆ 60 ಮಂದಿ ಪದವೀಧರರು, ಅವರ ಮರಣ ದರ ಸಾವಿರಕ್ಕೆ 4. ಉಳಿದ 40 ಮಂದಿಯ ದರ ಸಾವಿರಕ್ಕೆ 10 ಎಂದುಕೊಳ್ಳಿ. ಗುಂಪಿನ ಒಟ್ಟು ದರ 2.4 ಮತ್ತು 4.0 ಸೇರಿ 6.4. ಎರಡನೆಯ ಗುಂಪಿನಲ್ಲಿ ಪದವೀಧರರು ನೂರಕ್ಕೆ 30, ಅವರ ದರ 6. ಪದವಿ ಇಲ್ಲದ 70 ಮಂದಿಯ ದರ 12. ಒಟ್ಟು ದರ 1.8 ಮತ್ತು 8.4 ಸೇರಿ 10.2. ಎರಡು ಗುಂಪುಗಳ ನಡುವಿನ ಅಂತರ 3.8.

ಹಂಚಿಕೆಯ ಭಾಗವನ್ನು ಪಡೆಯಲು ಪ್ರತಿ ಮಟ್ಟದಲ್ಲಿ ಎರಡು ಗುಂಪುಗಳ ದರಗಳ ಸರಾಸರಿ ತೆಗೆದು, ಅದನ್ನು ಪಾಲಿನ ವ್ಯತ್ಯಾಸದಿಂದ ಗುಣಿಸಬೇಕು. ಪದವೀಧರರಲ್ಲಿ ಸರಾಸರಿ ದರ 5, ಎರಡನೆಯ ಗುಂಪಿನಲ್ಲಿ ಅವರ ಪಾಲು 0.3ರಷ್ಟು ಕಡಿಮೆ, ಆದ್ದರಿಂದ ಋಣ 1.5, ಪದವಿ ಇಲ್ಲದವರಲ್ಲಿ ಸರಾಸರಿ ದರ 11, ಪಾಲು 0.3ರಷ್ಟು ಹೆಚ್ಚು, ಆದ್ದರಿಂದ ಧನ 3.3. ಕೂಡಿಸಿದರೆ 1.8. ದರಗಳ ಭಾಗಕ್ಕೆ ಇದರ ತಿರುವುಮುರುವು: ದರದ ವ್ಯತ್ಯಾಸವನ್ನು ಪಾಲುಗಳ ಸರಾಸರಿಯಿಂದ ಗುಣಿಸಿದರೆ ಪದವೀಧರರಲ್ಲಿ 2ಕ್ಕೆ 0.45 ಗುಣಿಸಿ 0.9, ಉಳಿದವರಲ್ಲಿ 2ಕ್ಕೆ 0.55 ಗುಣಿಸಿ 1.1, ಒಟ್ಟು 2.0. ಎರಡು ಭಾಗಗಳನ್ನು ಕೂಡಿಸಿದರೆ ಮತ್ತೆ 3.8 ಬರುತ್ತದೆ, ಬರದಿದ್ದರೆ ಎಲ್ಲೋ ಕೈತಪ್ಪಿದೆ ಎಂದರ್ಥ. ಅಂದರೆ ಈ ಕಲ್ಪಿತ ಉದಾಹರಣೆಯಲ್ಲಿ ಅಂತರದ ಅರ್ಧಕ್ಕಿಂತ ತುಸು ಕಡಿಮೆ ಭಾಗ ಹಂಚಿಕೆಯದು, ಅರ್ಧಕ್ಕಿಂತ ತುಸು ಹೆಚ್ಚು ಭಾಗ ಒಂದೇ ಓದಿನವರ ನಡುವಿನ ಭೇದದ್ದು.

ಈಗ ಇದೇ ಸಂಖ್ಯೆಗಳನ್ನು ಇನ್ನೊಂದು ಬದಿಯಿಂದ ನೋಡಿ. ಗುಂಪುಗಳ ನಡುವಿನ ಭೇದ ಎರಡೂ ಮಟ್ಟಗಳಲ್ಲಿ ಸಾವಿರಕ್ಕೆ 2. ಆದರೆ ಭಾಗಾಕಾರ ಮಾಡಿದರೆ ಪದವಿ ಇಲ್ಲದವರಲ್ಲಿ 1.2 ಪಟ್ಟು, ಪದವೀಧರರಲ್ಲಿ 1.5 ಪಟ್ಟು. ಪದವಿಯಿಂದಾದ ಇಳಿಕೆ ಎರಡು ಗುಂಪುಗಳಲ್ಲೂ ಸಾವಿರಕ್ಕೆ 6. ಆದರೆ ಪಟ್ಟಿನ ಲೆಕ್ಕದಲ್ಲಿ ಮೊದಲ ಗುಂಪಿಗೆ 2.5, ಎರಡನೆಯದಕ್ಕೆ 2. ಓದಿದವರ ನಡುವೆ ಜನಾಂಗದ ಅಂತರ ಹೆಚ್ಚು, ಕಪ್ಪುವರ್ಣೀಯರಿಗೆ ಓದಿನ ಪ್ರತಿಫಲ ಕಡಿಮೆ ಎಂಬ ವಾದವನ್ನು ಪಟ್ಟಿನ ಲೆಕ್ಕದಿಂದ ಸಾಧಿಸಬಹುದು, ವ್ಯತ್ಯಾಸದ ಲೆಕ್ಕದಿಂದ ಅದನ್ನೇ ಅಲ್ಲಗಳೆಯಬಹುದು, ಮತ್ತು ಎರಡೂ ಕಡೆಯವರು ಸುಳ್ಳು ಹೇಳಿರುವುದಿಲ್ಲ. ಅಪಾಯದ ಅನುಪಾತವನ್ನು ಮಾತ್ರ ಕೊಟ್ಟು ಮೂಲ ದರಗಳನ್ನು ಮುಚ್ಚಿಟ್ಟ ಲೇಖನವನ್ನು ನಾನಂತೂ ಅರ್ಧ ಲೇಖನವೆಂದೇ ಎಣಿಸುತ್ತೇನೆ. ಎರಡನ್ನೂ ಲೆಕ್ಕ ಹಾಕಿ, ಎರಡನ್ನೂ ಬರೆಯಿರಿ.

ಉಳಿದ ಅಂತರಕ್ಕೆ ಅರ್ಥ ಹಚ್ಚುವುದು

ಶಿಕ್ಷಣವನ್ನು ಸಮಮಾಡಿದ ಮೇಲೂ ಉಳಿಯುವ ಅಂತರವನ್ನು ಜನಾಂಗದ ಪರಿಣಾಮ ಎಂದು ಕರೆದು ಮುಗಿಸುವ ರೂಢಿಯಿದೆ. ಆ ಹೆಸರಿಗೆ ಕೆಟ್ಟ ಇತಿಹಾಸವೂ ಇದೆ. 1896ರಲ್ಲಿ ಫ್ರೆಡರಿಕ್ ಹಾಫ್‌ಮನ್ ಎಂಬ ವಿಮಾ ಕಂಪನಿಯ ಅಂಕಿಅಂಶ ತಜ್ಞ, ಕಪ್ಪುವರ್ಣೀಯರ ಹೆಚ್ಚಿನ ಮರಣ ದರಕ್ಕೆ ಅವರ ಹುಟ್ಟುಗುಣವೇ ಕಾರಣವೆಂದು ವಾದಿಸಿದ. ಕಪ್ಪುವರ್ಣೀಯ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್ 1899ರ ತಮ್ಮ ಫಿಲಡೆಲ್ಫಿಯಾ ಅಧ್ಯಯನದಲ್ಲೂ 1906ರ ಅಟ್ಲಾಂಟಾ ವಿಶ್ವವಿದ್ಯಾಲಯದ ವರದಿಯಲ್ಲೂ ವಸತಿ, ಬಡತನ, ನೈರ್ಮಲ್ಯಗಳನ್ನು ಮುಂದಿಟ್ಟು ಅದನ್ನು ಖಂಡಿಸಿದರು. ಉಳಿದ ಅಂತರವೆಂದರೆ ನಾವು ಅಳೆಯದೆ ಬಿಟ್ಟದ್ದರ ಮೊತ್ತ ಎಂದು ತಿಳಿದು ಮುಂದುವರಿಯುವುದು ಕ್ಷೇಮ.

ಅಳೆಯದೆ ಬಿಟ್ಟದ್ದು ಏನೆಂದು ಹುಡುಕಲು ಸಾವಿನ ಕಾರಣಗಳನ್ನು ಬೇರ್ಪಡಿಸಿ. ತರುಣ ಕಪ್ಪುವರ್ಣೀಯ ಪುರುಷರಲ್ಲಿ ಕೊಲೆಯೇ ಸಾವಿನ ಮೊದಲ ಕಾರಣ, ಮಧ್ಯವಯಸ್ಸಿನ ನಂತರ ಹೃದ್ರೋಗ ಮತ್ತು ಕ್ಯಾನ್ಸರ್. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕಪ್ಪುವರ್ಣೀಯ ಪುರುಷರು 65ನೇ ವಯಸ್ಸು ತಲುಪುವ ಸಂಭವ ಬಾಂಗ್ಲಾದೇಶದ ಪುರುಷರದಕ್ಕಿಂತ ಕಡಿಮೆ ಎಂದು 1990ರಲ್ಲಿ ಮೆಕಾರ್ಡ್ ಮತ್ತು ಫ್ರೀಮನ್ ತೋರಿಸಿದಾಗಲೂ, ಹೆಚ್ಚುವರಿ ಸಾವುಗಳಲ್ಲಿ ಕೊಲೆಯಷ್ಟೇ ಅಲ್ಲ, ಹೃದಯ ಮತ್ತು ಯಕೃತ್ತಿನ ಕಾಯಿಲೆಗಳೂ ದೊಡ್ಡ ಪಾಲು ಪಡೆದಿದ್ದವು. ಮಾದಕ ವಸ್ತುವಿನ ಅತಿಸೇವನೆಯ ಸಾವು ಸುಮಾರು ಎರಡು ದಶಕಗಳ ಕಾಲ ಬಿಳಿಯರಲ್ಲಿ ಹೆಚ್ಚು ಎನಿಸಿಕೊಂಡಿತ್ತು. ಫೆಂಟನಿಲ್ ಎಂಬ ಅತಿ ತೀವ್ರವಾದ ಕೃತಕ ಮಾದಕ ವಸ್ತು ಹರಡಿದ ಮೇಲೆ, 2020ರಲ್ಲಿ, ಕಪ್ಪುವರ್ಣೀಯರ ದರ ಬಿಳಿಯರದನ್ನು ದಾಟಿತು. ಶಿಕ್ಷಣದೊಡನೆ ಪ್ರತಿ ಕಾರಣದ ಸಂಬಂಧವೂ ಬೇರೆ ಬೇರೆ ಇರುವುದರಿಂದ ಎಲ್ಲ ಸಾವುಗಳನ್ನು ಒಟ್ಟುಗೂಡಿಸಿದ ಸಂಖ್ಯೆ ಎಷ್ಟೋ ಸಂಗತಿಗಳನ್ನು ಅಳಿಸಿಹಾಕುತ್ತದೆ.

ಓದು ಸಂಪೂರ್ಣ ಸಮನಾದಾಗ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ವೈದ್ಯರದೇ. ನ್ಯಾಶ್‌ವಿಲ್‌ನ ಮೆಹಾರಿ ವೈದ್ಯಕೀಯ ಕಾಲೇಜಿನಲ್ಲಿ 1958ರಿಂದ 1965ರವರೆಗೆ ಓದಿದ ಕಪ್ಪುವರ್ಣೀಯ ಪುರುಷ ವೈದ್ಯರನ್ನೂ, ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1957ರಿಂದ 1964ರವರೆಗೆ ಓದಿದ ಬಿಳಿಯ ಪುರುಷ ವೈದ್ಯರನ್ನೂ ದಶಕಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಅಧಿಕ ರಕ್ತದೊತ್ತಡ, ಮಧುಮೇಹ, ಹೃದಯದ ಕಾಯಿಲೆಗಳು ಮೊದಲ ಗುಂಪಿನಲ್ಲಿ ಹೆಚ್ಚಾಗಿ ಕಂಡವು. ರೋಗವನ್ನು ಬಲ್ಲವರು, ಚಿಕಿತ್ಸೆ ಕೈಗೆಟುಕುವವರು, ಒಂದೇ ಪದವಿಯವರು. ಬಾಲ್ಯದ ಪರಿಸ್ಥಿತಿ, ಕೂಡಿಟ್ಟ ಆಸ್ತಿ, ವಾಸದ ಬೀದಿ, ನಿತ್ಯದ ತಾರತಮ್ಯ ಇವು ಪದವಿಯೊಡನೆ ಸಮನಾಗುವುದಿಲ್ಲ. ಆಸ್ತಿಯನ್ನೇ ನೋಡುವುದಾದರೆ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬಗಳ ಮಧ್ಯಾಂಕ ಆಸ್ತಿ 2,85,000 ಡಾಲರ್, ಕಪ್ಪುವರ್ಣೀಯ ಕುಟುಂಬಗಳದು 44,900 ಡಾಲರ್. ಕಷ್ಟಗಳನ್ನು ಏಕಾಂಗಿಯಾಗಿ, ಎಡೆಬಿಡದೆ ಎದುರಿಸಿ ಮೇಲೇರುವ ಯತ್ನವೇ ದೇಹವನ್ನು ಸವೆಸುತ್ತದೆ ಎಂದು ಷರ್ಮನ್ ಜೇಮ್ಸ್ ನಾರ್ತ್ ಕೆರೊಲಿನಾದ ಪುರುಷರ ರಕ್ತದೊತ್ತಡವನ್ನು ಅಧ್ಯಯನ ಮಾಡಿ ಮುಂದಿಟ್ಟ ವಿಚಾರವೂ ಇಲ್ಲಿ ಪರಿಗಣನೆಗೆ ಅರ್ಹ.

ಹಾಗೆಂದು ಓದು ನಿಷ್ಫಲ ಎಂಬ ತೀರ್ಮಾನಕ್ಕೆ ಜಿಗಿಯಬಾರದು. 25ರಿಂದ 75ರವರೆಗಿನ ನಿರೀಕ್ಷಿತ ಆಯುಷ್ಯವನ್ನು ಲೆಕ್ಕ ಹಾಕಿದ ಕೇಸ್ ಮತ್ತು ಡೀಟನ್ 2021ರಲ್ಲಿ ವರದಿ ಮಾಡಿದಂತೆ, 2018ರ ಹೊತ್ತಿಗೆ ನಾಲ್ಕು ವರ್ಷದ ಪದವಿ ಪಡೆದ ಕಪ್ಪುವರ್ಣೀಯರು ಪದವಿ ಇಲ್ಲದ ಕಪ್ಪುವರ್ಣೀಯರಿಗಿಂತ ಪದವೀಧರ ಬಿಳಿಯರಿಗೇ ಹೆಚ್ಚು ಹತ್ತಿರವಾಗಿದ್ದರು. ಇನ್ನೊಂದು ದಿಕ್ಕಿನ ಎಚ್ಚರಿಕೆಯನ್ನು ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದ, ಪುರುಷರ ಅಂಕಿಗಳು ಕೊಡುತ್ತವೆ: ಸರಾಸರಿ ಓದು ಬಿಳಿಯರದಕ್ಕಿಂತ ಕಡಿಮೆಯಿದ್ದರೂ 2019ರಲ್ಲಿ ಅವರ ನಿರೀಕ್ಷಿತ ಆಯುಷ್ಯ 79.0 ವರ್ಷವಿತ್ತು. ಧೂಮಪಾನ ಕಡಿಮೆ ಇರುವುದು ಮತ್ತು ಆರೋಗ್ಯವಂತರೇ ಹೆಚ್ಚಾಗಿ ವಲಸೆ ಬರುವುದು ಇದಕ್ಕೆ ಮುಖ್ಯ ವಿವರಣೆಗಳು. 2020ರ ಒಂದೇ ವರ್ಷದಲ್ಲಿ ಈ ಸಂಖ್ಯೆ ಸುಮಾರು 4 ವರ್ಷ ಇಳಿದದ್ದನ್ನೂ ಜೊತೆಗೇ ನೋಡಬೇಕು. ಮೂಲನಿವಾಸಿ ಅಮೆರಿಕನ್ನರ ವಿಷಯದಲ್ಲಿ ಪ್ರಮಾಣಪತ್ರದ ಜನಾಂಗದ ದಾಖಲೆಯೇ ಅಷ್ಟು ದೋಷಪೂರ್ಣವಾಗಿರುವುದರಿಂದ, ತಿದ್ದುಪಡಿ ಮಾಡದ ದರಗಳನ್ನು ಬಳಸಲೇಬಾರದು.

ಬರೆಯುವಾಗ

ಫಲಿತಾಂಶವನ್ನು ಬರೆಯುವ ವಾಕ್ಯದಲ್ಲಿ ವಯಸ್ಸಿನ ಮಿತಿ, ವರ್ಷ, ದತ್ತಾಂಶದ ಮೂಲ, ಸೆರೆಮನೆಯವರು ಸೇರಿದ್ದಾರೋ ಇಲ್ಲವೋ ಎಂಬುದು, ಮತ್ತು ವ್ಯತ್ಯಾಸ ಹಾಗೂ ಪಟ್ಟು ಎರಡೂ ಇರಬೇಕು. ಮೇಲಿನ ಕಲ್ಪಿತ ಲೆಕ್ಕವನ್ನೇ ಬರೆಯುವುದಾದರೆ: 25ರಿಂದ 74 ವರ್ಷದ, ಸೆರೆಮನೆಯ ಹೊರಗಿರುವ ಪುರುಷರಲ್ಲಿ ಎರಡು ಗುಂಪುಗಳ ಮರಣ ದರದ ಅಂತರ ಸಾವಿರಕ್ಕೆ 3.8, ಶಿಕ್ಷಣದ ಹಂಚಿಕೆ ಒಂದೇ ಆಗಿದ್ದು ದರಗಳು ಹಾಗೆಯೇ ಉಳಿದಿದ್ದರೆ ಅಂತರ 2.0ಕ್ಕೆ ಇಳಿಯುತ್ತಿತ್ತು, ಪದವೀಧರರ ನಡುವೆ ದರ ಸಾವಿರಕ್ಕೆ 2 ಹೆಚ್ಚು, ಅಂದರೆ 1.5 ಪಟ್ಟು. ಶಿಕ್ಷಣ ಸಮನಾದರೆ ಅಂತರ ಇಷ್ಟು ಇಳಿಯುತ್ತದೆ ಎಂದು ಭವಿಷ್ಯ ನುಡಿಯುವ ಕ್ರಿಯಾಪದ ಬೇಡ, ಇಳಿಯುತ್ತಿತ್ತು ಎಂಬುದೇ ಸಾಕು. ಏಕೆಂದರೆ ಹೆಚ್ಚು ಜನ ಪದವಿ ಪಡೆದಾಗ ಪದವೀಧರರ ಮತ್ತು ಪದವಿ ಇಲ್ಲದವರ ದರಗಳೆರಡೂ ಬದಲಾಗುತ್ತವೆ, ಮತ್ತು ಒಂದು ವರ್ಷದ ಕೋಷ್ಟಕದಲ್ಲಿ ಅದಕ್ಕೆ ಉತ್ತರವಿಲ್ಲ. 2020 ಮತ್ತು 2021ರ ಅಂಕಿಗಳನ್ನು ಅವುಗಳ ಹಿಂದಿನ ವರ್ಷಗಳೊಡನೆ ಕೂಡಿಸಿ ಸರಾಸರಿ ತೆಗೆಯದೆ, ಪ್ರತ್ಯೇಕ ಕೋಷ್ಟಕದಲ್ಲಿ ಕೊಡಿ.